ಉಸಿರು ಸಾಲದಾದಾಗ ದುಡಿಮೆಯ ಹೊಂದಾಣಿಕೆ

ಬಾವಿಯಲ್ಲಿ ಒರತೆ ಕಡಿಮೆಯಾದಾಗ ನೀವು ಏನು ಮಾಡುತ್ತೀರಿ ಎಂಬುದನ್ನು ನೆನಪಿಗೆ ತಂದುಕೊಳ್ಳಿ. ಹಿಂದೆ ದಿನವಿಡೀ ಓಡುತ್ತಿದ್ದ ಪಂಪನ್ನು ಒಂದು ಗಂಟೆ ಓಡಿಸಿ ನಿಲ್ಲಿಸುತ್ತೀರಿ. ನೀರು ಊರಿದ ಮೇಲೆ ಮತ್ತೆ ಓಡಿಸುತ್ತೀರಿ. ಹಟ ಹಿಡಿದು ಒಂದೇ ಸಮನೆ ಓಡಿಸಿದರೆ ಪಂಪು ಗಾಳಿ ಎಳೆದು ನಿಲ್ಲುತ್ತದೆ, ಮೋಟಾರೂ ಸುಡಬಹುದು. ಹಾಗೆಂದು ಬಾವಿಯನ್ನೇ ಮುಚ್ಚಿಬಿಡುವವರು ಯಾರೂ ಇಲ್ಲ. ಇರುವ ನೀರಿಗೆ ತಕ್ಕ ಬೆಳೆ ಇಟ್ಟುಕೊಂಡು ಬೇಸಾಯ ಸಾಗಿಸುತ್ತೀರಿ. ಶ್ವಾಸಕೋಶಕ್ಕೆ ದೀರ್ಘಕಾಲದ ರೋಗ ತಗುಲಿದ ರೈತನೂ ತನ್ನ ಉಸಿರಿನ ವಿಷಯದಲ್ಲಿ ಇದೇ ಲೆಕ್ಕಾಚಾರವನ್ನು ಕಲಿಯಬೇಕಾಗುತ್ತದೆ. ಆದರೆ ನಮ್ಮ ಹಳ್ಳಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವುದು ಎರಡೇ ಬಗೆ. ಕೆಲವರು ರೋಗವನ್ನು ಮರೆಮಾಚಿ ಮೊದಲಿನಂತೆಯೇ ದುಡಿಯಲು ಹೋಗಿ ಕಣದಲ್ಲಿ ಕುಸಿಯುತ್ತಾರೆ. ಇನ್ನು ಕೆಲವರು ‘ಇನ್ನು ನನ್ನಿಂದಾಗದು’ ಎಂದು ಜಗಲಿ ಹಿಡಿದು ಕುಳಿತುಬಿಡುತ್ತಾರೆ. ಎರಡರಿಂದಲೂ ತೊಂದರೆ ಹೆಚ್ಚುತ್ತದೆ. ಅದು ಏಕೆ ಎಂಬುದನ್ನೂ, ಇವೆರಡರ ನಡುವಿನ ದಾರಿಯನ್ನೂ ಇಲ್ಲಿ ವಿವರಿಸಲಾಗಿದೆ.

ರೋಗದ ಪರಿಚಯ

ದಮ್ಮು, ಉಬ್ಬಸ, ಗೂರಲು ಎಂದು ಹಳ್ಳಿಗಳಲ್ಲಿ ಕರೆಯುವ ತೊಂದರೆಗಳೆಲ್ಲ ಒಂದೇ ರೋಗವಲ್ಲ. ಚಿಕ್ಕಂದಿನಿಂದಲೇ ಆಗಾಗ ಬಂದು, ನಡುವಿನ ದಿನಗಳಲ್ಲಿ ಬಿಟ್ಟುಹೋಗುವ ಆಸ್ತಮಾ ಒಂದು ಬಗೆ. ಸಾಮಾನ್ಯವಾಗಿ 40 ವರ್ಷ ದಾಟಿದ ಮೇಲೆ, ಮೊದಲು ಬೆಳಗಿನ ಕೆಮ್ಮು ಮತ್ತು ಕಫವಾಗಿ ತೋರಿಕೊಂಡು, ಬಳಿಕ ಏರು ಹತ್ತುವಾಗ ಮೇಲುಸಿರು, ಇನ್ನೂ ಮುಂದೆ ಸಮನೆಲದಲ್ಲಿಯೂ ಮೇಲುಸಿರು ಎಂದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಗುವುದು ಇನ್ನೊಂದು ಬಗೆ. ಇದನ್ನು ಶ್ವಾಸನಾಳಗಳ ದೀರ್ಘಕಾಲದ ಅಡಚಣೆ ರೋಗ ಎನ್ನುತ್ತಾರೆ. ವೈದ್ಯರ ಚೀಟಿಯಲ್ಲಿ ‘ಸಿ.ಓ.ಪಿ.ಡಿ.’ ಎಂದು ಬರೆದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನ ಈ ರೋಗದಿಂದ ಮರಣ ಹೊಂದಿದರು. ಈ ಲೇಖನ ಮುಖ್ಯವಾಗಿ ಇದನ್ನೇ ಕುರಿತದ್ದು.

ಇದಕ್ಕೆ ಮೊದಲ ಕಾರಣ ಬೀಡಿ, ಸಿಗರೇಟು. ಬೀಡಿ ಸಿಗರೇಟಿಗಿಂತ ಹಗುರ ಎಂಬ ನಂಬಿಕೆಗೆ ಆಧಾರವಿಲ್ಲ. ಬೀಡಿ ಆರದಂತೆ ಇರಬೇಕಾದರೆ ಅದನ್ನು ಮೇಲಿಂದ ಮೇಲೆ ಎಳೆಯಬೇಕಾಗುತ್ತದೆ. ಆದರೆ ಹುಟ್ಟಿದಂದಿನಿಂದ ಬೀಡಿ ಮುಟ್ಟದ ಹೆಂಗಸರಲ್ಲಿಯೂ ಈ ರೋಗ ಸಾಕಷ್ಟು ಕಂಡುಬರುತ್ತದೆ. ಸೌದೆ, ಬೆರಣಿ, ಹತ್ತಿಕಟ್ಟಿಗೆ ಉರಿಸುವ, ಹೊಗೆ ಹೊರಹೋಗಲು ದಾರಿಯಿಲ್ಲದ ಅಡಿಗೆಮನೆಯಲ್ಲಿ ಇಪ್ಪತ್ತು ಮೂವತ್ತು ವರ್ಷ ಕಳೆದ ಹೆಣ್ಣುಮಗಳ ಮೇಲುಸಿರನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕುವುದು ನಮ್ಮಲ್ಲಿ ರೂಢಿಯಾಗಿದೆ. ಇದು ಸರಿಯಲ್ಲ. ಕಣದ ದೂಳು, ಹಿಟ್ಟಿನ ಗಿರಣಿಯ ದೂಳು, ಹಿಂದೆ ಬಂದುಹೋದ ಕ್ಷಯರೋಗ ಇವೂ ಕಾರಣವಾಗಬಲ್ಲವು. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ಬ್ಯಾರನ್ನುಗಳ ಮುಂದೆ ರಾತ್ರಿಯಿಡೀ ಸೌದೆ ಒಡ್ಡುತ್ತ ಕೂರುವವರು ಬೀಡಿ ಸೇದದಿದ್ದರೂ ಹೊಗೆಯಿಂದ ತಪ್ಪಿಸಿಕೊಂಡವರಲ್ಲ.

ಉಸಿರು ಏಕೆ ಸಾಲುವುದಿಲ್ಲ?

ಶ್ವಾಸನಾಳವು ಮರದ ಕೊಂಬೆಯಂತೆ ಕವಲೊಡೆಯುತ್ತ ಹೋಗಿ ಕೊನೆಗೆ ಅತಿ ಸಣ್ಣ ಗಾಳಿಗೂಡುಗಳಲ್ಲಿ ಮುಗಿಯುತ್ತದೆ. ಬೆಳೆದ ಮನುಷ್ಯನಲ್ಲಿ ಇಂತಹ ಗೂಡುಗಳು 30 ಕೋಟಿಗೂ ಹೆಚ್ಚು. ಉಸಿರಿನ ಆಮ್ಲಜನಕ ರಕ್ತಕ್ಕೆ ಸೇರುವುದು ಈ ಗೂಡುಗಳ ತೆಳುಗೋಡೆಯ ಮೂಲಕ. ಹೊಗೆ ಮತ್ತು ದೂಳಿನಿಂದ ಎರಡು ಬಗೆಯ ಹಾನಿಯಾಗುತ್ತದೆ. ನಾಳಗಳ ಒಳಗೋಡೆ ಊದಿ, ಕಫ ತುಂಬಿ, ದಾರಿ ಕಿರಿದಾಗುತ್ತದೆ. ಗೂಡುಗಳ ನಡುವಿನ ಗೋಡೆಗಳು ಒಡೆದು, ಹಿಗ್ಗಿದ ಮೇಲೆ ತಾನಾಗಿ ಕುಗ್ಗುವ ಅವುಗಳ ಗುಣ ನಾಶವಾಗುತ್ತದೆ.

ಇದರ ಪರಿಣಾಮವನ್ನು ಸರಿಯಾಗಿ ಅರಿತುಕೊಳ್ಳಬೇಕು. ಮುಂದೆ ಹೇಳುವ ಕ್ರಮಗಳೆಲ್ಲ ಇದನ್ನೇ ಅವಲಂಬಿಸಿವೆ. ಉಸಿರು ಎಳೆದುಕೊಳ್ಳುವಾಗ ಎದೆ ಹಿಗ್ಗುವುದರಿಂದ ನಾಳಗಳೂ ಸ್ವಲ್ಪ ತೆರೆದುಕೊಳ್ಳುತ್ತವೆ. ಬಿಡುವಾಗ ಅವು ಮುದುಡುತ್ತವೆ. ಆದುದರಿಂದ ಈ ರೋಗದಲ್ಲಿ ತೊಡಕು ಇರುವುದು ಹೆಚ್ಚಾಗಿ ಉಸಿರು ಬಿಡುವುದರಲ್ಲಿ. ಅವಸರದಿಂದ ದುಡಿಯುವಾಗ, ಒಳಗಿನ ಗಾಳಿ ಪೂರ್ತಿ ಹೊರಬರುವ ಮೊದಲೇ ಮುಂದಿನ ಉಸಿರು ಒಳಹೊಗುತ್ತದೆ. ಹೀಗೆ ನಾಲ್ಕಾರು ಬಾರಿ ಆದರೆ ಎದೆ ಉಬ್ಬಿಕೊಂಡೇ ಉಳಿಯುತ್ತದೆ. ರೋಗಿಗೆ ‘ಗಾಳಿ ಸಾಲದು’ ಎನ್ನಿಸಿ ಇನ್ನೂ ಜೋರಾಗಿ ಎಳೆದುಕೊಳ್ಳುತ್ತಾನೆ. ಉಬ್ಬರ ಇನ್ನೂ ಹೆಚ್ಚುತ್ತದೆ. ಹಳೆಯ ಕಾಳು ತೆಗೆಯದೆ ತುಂಬಿದ ಕಣಜಕ್ಕೆ ಹೊಸ ಕಾಳು ಸುರಿಯಲು ಹೋದಂತೆ ಇದು. ಅದೇ ಕೆಲಸವನ್ನು ನಿಧಾನವಾಗಿ ಮಾಡಿದಲ್ಲಿ ಒಳಗಿನ ಗಾಳಿ ಹೊರಬರಲು ಸಮಯ ದೊರೆಯುತ್ತದೆ. ನಿಧಾನವನ್ನು ಸೋಮಾರಿತನವೆಂದು ಮನೆಯವರೂ ನೆರೆಯವರೂ ಭಾವಿಸುವುದುಂಟು. ವಾಸ್ತವವಾಗಿ ಅದು ಈ ರೋಗದ ಚಿಕಿತ್ಸೆಯ ಒಂದು ಭಾಗ.

ಒಡೆದ ಗೂಡುಗಳು ಮತ್ತೆ ಕಟ್ಟುವುದಿಲ್ಲ. ಆದರೆ ಹಾನಿಯ ವೇಗವನ್ನು ತಡೆಯಬಹುದು. ಇಂಗ್ಲೆಂಡಿನ ಫ್ಲೆಚರ್ ಮತ್ತು ಪೀಟೊ ಎಂಬ ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಸೇದುವುದನ್ನು ಯಾವ ವಯಸ್ಸಿನಲ್ಲಿ ಬಿಟ್ಟರೂ ಅಂದಿನಿಂದ ಶ್ವಾಸಕೋಶ ಕುಗ್ಗುವ ವೇಗ ಸೇದದವರ ಮಟ್ಟಕ್ಕೆ ಹತ್ತಿರ ಬರುತ್ತದೆ ಎಂಬುದು ತಿಳಿದುಬಂದಿತು. ‘ಆಗುವುದೆಲ್ಲ ಆಗಿಹೋಯಿತು, ಇನ್ನು ಬಿಟ್ಟು ಏನು ಫಲ?’ ಎಂದು ಬೀಡಿ ಹಚ್ಚುವವರು ಇದನ್ನು ಗಮನಿಸಬೇಕು. ಒಬ್ಬರಿಂದಲೇ ಬಿಡಲಾಗದಿದ್ದಲ್ಲಿ 1800 11 2356 ಎಂಬ ಉಚಿತ ದೂರವಾಣಿಯಲ್ಲಿ ಸಲಹೆ ದೊರೆಯುತ್ತದೆ.

ಪರೀಕ್ಷೆ ಮತ್ತು ಅಳತೆ

ಎರಡು ವಾರಕ್ಕೂ ಮೀರಿ ಕೆಮ್ಮು ಇದ್ದಲ್ಲಿ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಫ ಪರೀಕ್ಷೆ ಮಾಡಿಸಿ ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಉಸಿರಿನ ಅಡಚಣೆಯನ್ನು ಅಳೆಯಲು ಸ್ಪೈರೋಮೀಟರ್ ಎಂಬ ಉಪಕರಣವಿದೆ. ಎದೆ ತುಂಬ ಗಾಳಿ ಎಳೆದು ಅದರೊಳಗೆ ಬಲವಾಗಿ ಊದಬೇಕು. ಔಷಧಿ ಕೊಟ್ಟ ಬಳಿಕವೂ, ಊದಿದ ಒಟ್ಟು ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿಗೆ ಹೊರಬಂದದ್ದು ಶೇಕಡಾ 70ಕ್ಕಿಂತ ಕಡಿಮೆಯಿದ್ದರೆ ಅಡಚಣೆ ಇದೆಯೆಂದು ಅರ್ಥ. ಹುಬ್ಬಳ್ಳಿ, ಮೈಸೂರು, ಬೆಂಗಳೂರಿನಂತಹ ಊರುಗಳ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಎದೆರೋಗ ವಿಭಾಗದಲ್ಲಿ ಈ ಪರೀಕ್ಷೆಗೆ ವಿಚಾರಿಸಬಹುದು. ಎದೆಯ ಕ್ಷಕಿರಣ ಚಿತ್ರವೊಂದರಿಂದಲೇ ಈ ರೋಗವನ್ನು ನಿರ್ಧರಿಸಲಾಗದು.

ಮನೆಯಲ್ಲಿಯೇ ಮಾಡಿಕೊಳ್ಳಬಹುದಾದ ಅಳತೆಯೊಂದಿದೆ. ಭಾರದ ಕೆಲಸಕ್ಕೆ ಮಾತ್ರ ಮೇಲುಸಿರು ಬರುತ್ತಿದ್ದರೆ ರೋಗ ಮೊದಲ ಮೆಟ್ಟಿಲಲ್ಲಿದೆ. ಬೇಗ ಬೇಗ ನಡೆದಾಗ ಅಥವಾ ಸ್ವಲ್ಪ ಏರಿನಲ್ಲಿ ಬಂದರೆ ಎರಡನೆಯದು. ಸಮನೆಲದಲ್ಲಿಯೂ ಓರಗೆಯವರ ಹಿಂದೆ ಬೀಳುವಂತಾದರೆ ಮೂರನೆಯದು. ಸುಮಾರು 100 ಮೀಟರ್ ನಡೆದು ನಿಲ್ಲಬೇಕಾದರೆ ನಾಲ್ಕನೆಯದು. ಚೌಕವಾದ ಒಂದು ಎಕರೆ ಹೊಲದ ಒಂದು ಬದಿ ಸುಮಾರು 64 ಮೀಟರ್ ಇರುತ್ತದೆ. ಒಂದೂವರೆ ಬದಿ ನಡೆಯುವಷ್ಟರಲ್ಲಿ ನಿಲ್ಲುವಂತಾಯಿತೇ ಎಂಬುದನ್ನು ಬದುವಿನ ಮೇಲೆಯೇ ನೋಡಿಕೊಳ್ಳಬಹುದು. ಬಟ್ಟೆ ಹಾಕಿಕೊಳ್ಳಲೂ ಉಸಿರು ಸಾಲದಿದ್ದರೆ ಐದನೆಯದು. ಈ ವರ್ಷದ ಯುಗಾದಿಗೂ ಹೋದ ವರ್ಷದ ಯುಗಾದಿಗೂ ಹೋಲಿಸಿ ಬರೆದಿಟ್ಟುಕೊಂಡರೆ ವೈದ್ಯರಿಗೆ ಬಹಳ ಅನುಕೂಲ.

ಉಸಿರಿಗೆ ತಕ್ಕ ಕೆಲಸ

ಉಸಿರು ಬಿಡುವುದನ್ನು ಮೊದಲು ಅಭ್ಯಾಸ ಮಾಡಬೇಕು. ಮೂಗಿನಿಂದ ಎರಡು ಎಣಿಸುವವರೆಗೆ ಎಳೆದುಕೊಂಡು, ತುಟಿಗಳನ್ನು ಸೀಟಿ ಹಾಕುವಂತೆ ಚೂಪಾಗಿಸಿ ನಾಲ್ಕು ಎಣಿಸುವವರೆಗೆ ನಿಧಾನವಾಗಿ ಬಿಡಬೇಕು. ಎದುರಿನ ದೀಪದ ಕುಡಿ ಬಾಗಬೇಕು, ಆರಬಾರದು, ಅಷ್ಟು ಮೆಲ್ಲಗೆ. ಹೀಗೆ ಬಿಡುವುದರಿಂದ ನಾಳಗಳು ಬೇಗ ಮುದುಡುವುದಿಲ್ಲ. ನಡೆಯುವಾಗ ಎರಡು ಹೆಜ್ಜೆಗೆ ಎಳೆದು ನಾಲ್ಕು ಹೆಜ್ಜೆಗೆ ಬಿಡಿ. ಎತ್ತುವುದು, ತಳ್ಳುವುದು, ಏಳುವುದು ಮುಂತಾದ ಬಲ ಹಾಕುವ ಕ್ಷಣದಲ್ಲಿ ಉಸಿರು ಬಿಡುತ್ತಿರಬೇಕು, ಬಿಗಿಹಿಡಿಯಬಾರದು. ಬಿಂದಿಗೆ ಎತ್ತುವವರು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧವಾಗಿಯೇ ಮಾಡುತ್ತಾರೆ.

ಮೇಲುಸಿರು ಬಂದಾಗ ನೆಟ್ಟಗೆ ನಿಂತು ಆಕಾಶ ನೋಡುವುದರಿಂದ ಪ್ರಯೋಜನವಿಲ್ಲ. ಬದುವಿನ ಮೇಲೆ ಕುಳಿತು, ಸ್ವಲ್ಪ ಮುಂದಕ್ಕೆ ಬಾಗಿ, ಮೊಣಕೈಗಳನ್ನು ತೊಡೆಯ ಮೇಲೆ ಊರಬೇಕು. ಕೂರಲು ಜಾಗವಿಲ್ಲದಲ್ಲಿ ಗುದ್ದಲಿಯ ಕಾವಿಗೋ ಮರದ ಬೊಡ್ಡೆಗೋ ಕೈ ಊರಿ ಬಾಗಬೇಕು. ತೋಳುಗಳಿಗೆ ಆಸರೆ ದೊರೆತಾಗ ಹೆಗಲು ಕತ್ತಿನ ಸ್ನಾಯುಗಳು ಉಸಿರಾಟಕ್ಕೆ ನೆರವಾಗುತ್ತವೆ. ಇದೇ ಕಾರಣದಿಂದ, ತೋಳುಗಳನ್ನು ಭುಜಕ್ಕಿಂತ ಮೇಲೆತ್ತಿ ಮಾಡುವ ಕೆಲಸಗಳು, ಎಂದರೆ ಬಣವೆಗೆ ಹುಲ್ಲು ಎಸೆಯುವುದು, ಅಟ್ಟಕ್ಕೆ ಮೂಟೆ ಏರಿಸುವುದು, ಮೊರದಲ್ಲಿ ಎತ್ತಿ ತೂರುವುದು, ಈ ರೋಗಿಗಳಿಗೆ ನಡೆಯುವುದಕ್ಕಿಂತಲೂ ಕಷ್ಟವಾಗುತ್ತವೆ. ಕುಕ್ಕುರುಗಾಲಿನಲ್ಲಿ ಕುಳಿತು ಅಥವಾ ಸೊಂಟ ಬಾಗಿಸಿ ಕಳೆ ತೆಗೆಯುವಾಗ ಹೊಟ್ಟೆ ಮೇಲಕ್ಕೊತ್ತಿ ವಪೆಯ ಚಲನೆಗೆ ಅಡ್ಡಿಯಾಗುತ್ತದೆ. ಗಿಡ್ಡ ಮಣೆಯ ಮೇಲೆ ಕುಳಿತು, ಕಾಲು ಚಾಚಿ ಮಾಡಿದರೆ ಅದೇ ಕೆಲಸ ಹಗುರವಾಗುತ್ತದೆ. ಮೆದುವಾದ ನೆಲದಲ್ಲಿ ನಿಂತೇ ನೂಕುವ ಕೈ ಎಡೆಕುಂಟೆಯೂ ಆದೀತು. ಹಾಲು ಕರೆಯುವುದು ಇವರಿಗೆ ಒಗ್ಗುವ ಕೆಲಸ. ಮಣೆಯ ಮೇಲೆ ಕುಳಿತು ಮೊಣಕೈಗೆ ತೊಡೆಯ ಆಸರೆ ಪಡೆದೇ ಕರೆಯಬಹುದು.

ಉಳುಮೆಯ ಮಾತು ಬೇರೆ. ಒಂದು ಎಕರೆ ಎಂದರೆ 43,560 ಚದರ ಅಡಿ. ಅರ್ಧ ಅಡಿ ಅಗಲದ ಸಾಲು ಬಿಡುವ ನೇಗಿಲಿನಿಂದ ಅದನ್ನು ಒಂದು ಸಲ ಉಳಲು 87,120 ಅಡಿ, ಅಂದರೆ 26 ಕಿಲೋಮೀಟರಿಗೂ ಹೆಚ್ಚು ನಡೆಯಬೇಕು. ಅದೂ ಹೆಂಟೆಯ ಮೇಲೆ, ಮೇಣಿ ಒತ್ತುತ್ತ. ಮೂರನೆಯ ಮೆಟ್ಟಿಲಿಗೆ ಬಂದವರು ಇದನ್ನು ಇನ್ನೊಬ್ಬರಿಗೆ ವಹಿಸುವುದೇ ಸೂಕ್ತ. ಬೆನ್ನಿಗೆ ಹೊರುವ 16 ಲೀಟರಿನ ಸಿಂಪಡಿಸುವ ಯಂತ್ರವನ್ನು ಯಾವ ಮೆಟ್ಟಿಲಿನಲ್ಲಿದ್ದವರೂ ಮುಟ್ಟಬಾರದು. ಅದರ ಭಾರ ಒಂದು ಕಡೆಯಾದರೆ, ತುಂತುರಾಗಿ ಹಾರುವ ಔಷಧಿ ನೇರವಾಗಿ ನಾಳಗಳನ್ನು ಕೆರಳಿಸುತ್ತದೆ.

ಉಳಿದ ಕೆಲಸಗಳನ್ನು ತುಂಡು ಮಾಡಿಕೊಳ್ಳಬೇಕು. ಒಂದು ಗುಂಟೆ ಕಳೆ ತೆಗೆದು ಹತ್ತು ನಿಮಿಷ ಕೂರುವುದೆಂದು ಮೊದಲೇ ಗೊತ್ತುಮಾಡಿಕೊಳ್ಳಿ. ಮೇಲುಸಿರು ಬಂದ ಮೇಲೆ ನಿಲ್ಲುವುದಕ್ಕಿಂತ ಬರುವ ಮೊದಲೇ ನಿಲ್ಲುವುದರಲ್ಲಿ ಲಾಭವಿದೆ. ಉಬ್ಬಿದ ಎದೆ ಸಮಸ್ಥಿತಿಗೆ ಬರಲು ಹಿಡಿಯುವ ಸಮಯದಲ್ಲಿ ಇನ್ನೊಂದು ಗುಂಟೆ ಮುಗಿದಿರುತ್ತದೆ. ಕೆಲಸ ಮಾಡುತ್ತ ಒಂದು ಪುಟ್ಟ ವಾಕ್ಯವನ್ನು ತಡವರಿಸದೆ ಹೇಳಲು ಬರುವಂತಿದ್ದರೆ ವೇಗ ಸರಿಯಾಗಿದೆಯೆಂದು ತಿಳಿಯಬಹುದು. ಹೊರುವ ಬದಲು ಉರುಳಿಸುವ, ಎಳೆಯುವ ಉಪಾಯ ಹುಡುಕಿರಿ. ಮೇವನ್ನು ಸೈಕಲ್ಲಿನ ಮೇಲೆ ಹಾಕಿ ತಳ್ಳಿಕೊಂಡು ಬಂದರೆ ಸೈಕಲ್ಲೇ ಕೈಗೆ ಆಸರೆಯೂ ಆಗುತ್ತದೆ. ಹೊಲದಲ್ಲಿ ಎರಡು ಮೂರು ಕಡೆ ನೆರಳಿಗೆ ಕಲ್ಲುಹಾಸು ಹಾಕಿಸಿಕೊಳ್ಳುವುದು ಖರ್ಚಿಲ್ಲದ ಕೆಲಸ.

ಹೊತ್ತನ್ನೂ ನೋಡಬೇಕು. ಮಾರ್ಗಶಿರ, ಪುಷ್ಯಮಾಸಗಳ ಮುಂಜಾವಿನಲ್ಲಿ ತಣ್ಣನೆಯ ಗಾಳಿಯೊಡನೆ ಊರಿನ ಒಲೆಗಳ ಹೊಗೆ ನೆಲಮಟ್ಟದಲ್ಲಿಯೇ ನಿಂತಿರುತ್ತದೆ. ಬಿಸಿಲೇರಿದ ಮೇಲೆ ಹೊರಡುವುದು ಮೇಲು. ಬೇಸಗೆಯಲ್ಲಿ ಇದಕ್ಕೆ ವಿರುದ್ಧವಾಗಿ ಹತ್ತು ಗಂಟೆಯೊಳಗೆ ಕೆಲಸ ಮುಗಿಸಬೇಕು. ಬೆಳಿಗ್ಗೆ ಎದ್ದೊಡನೆ ಬಿಸಿನೀರು ಕುಡಿದು ಕಫ ಹೊರಹಾಕಲು ಅರ್ಧ ಗಂಟೆ ಮೀಸಲಿಡಿ. ಸ್ನಾನವನ್ನು ಸ್ಟೂಲಿನ ಮೇಲೆ ಕುಳಿತು ಮಾಡಿ. ಹೊಟ್ಟೆ ಬಿರಿಯುವಂತೆ ಉಂಡು ಕೆಲಸಕ್ಕೆ ಹೋಗಬೇಡಿ. ಎರಡು ಹೊತ್ತಿನ ಊಟವನ್ನು ನಾಲ್ಕು ಮಾಡಿಕೊಳ್ಳಿ. ಮುದ್ದೆಯನ್ನು ನುಂಗುವಾಗ ಉಸಿರು ತಡೆಯುವುದರಿಂದ ತುತ್ತು ಚಿಕ್ಕದಿರಲಿ. ಹಾಲಿನಿಂದ ಕಫ ಹೆಚ್ಚುತ್ತದೆಂದು ಬಿಡಬೇಕಾದ್ದಿಲ್ಲ. ತೂಕ ಇಳಿಯುತ್ತಿರುವವರಿಗೆ ಹಾಲು, ಮೊಟ್ಟೆ, ಕಡಲೆಕಾಯಿ, ಬೇಳೆಕಾಳು ಬಹಳ ಅಗತ್ಯ.

ಕುಳಿತುಬಿಡುವುದರ ಅಪಾಯ

ಇಷ್ಟೆಲ್ಲ ಎಚ್ಚರಿಕೆಗಳನ್ನು ಓದಿ, ‘ಏನೂ ಮಾಡದಿರುವುದೇ ಕ್ಷೇಮ’ ಎಂದುಕೊಳ್ಳುವವರಿದ್ದಾರೆ. ಮಕ್ಕಳೂ ಪ್ರೀತಿಯಿಂದಲೇ ‘ಅಪ್ಪಾ, ನೀವು ಸುಮ್ಮನೆ ಕೂತಿರಿ’ ಎನ್ನುತ್ತಾರೆ. ಆದರೆ ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿ ಕಟ್ಟಿದ ಎತ್ತು ಹೂಟೆಗೆ ಬಂದ ದಿನ ಅರ್ಧ ಸಾಲಿಗೇ ನೊರೆ ಕಾರುವುದನ್ನು ನೀವು ಬಲ್ಲಿರಿ. ಕುಳಿತವರಲ್ಲಿ ಮೊದಲು ಸೊರಗುವುದು ತೊಡೆ ಮತ್ತು ಮೀನಖಂಡದ ಸ್ನಾಯುಗಳು. ಸೊರಗಿದ ಸ್ನಾಯು ಅದೇ ನಡಿಗೆಗೆ ಹೆಚ್ಚು ಉಸಿರು ಬೇಡುತ್ತದೆ. ಮೇಲುಸಿರು ಹೆಚ್ಚಾದುದಕ್ಕೆ ರೋಗಿ ಇನ್ನೂ ಕಡಿಮೆ ನಡೆಯುತ್ತಾನೆ. ಈ ಸುಳಿಯಲ್ಲಿ ಸಿಕ್ಕಿದವರು ಎರಡು ವರ್ಷದಲ್ಲಿ ಹಿತ್ತಲಿಗೂ ಹೋಗಲಾರದಂತಾಗುವುದುಂಟು, ಶ್ವಾಸಕೋಶ ಅಷ್ಟೇನೂ ಕೆಡದಿದ್ದರೂ ಕೂಡ.

ಆದುದರಿಂದ ನಡಿಗೆಯನ್ನು ಔಷಧಿಯಂತೆ ದಿನವೂ ತೆಗೆದುಕೊಳ್ಳಬೇಕು. ಮೊದಲ ವಾರ ದಿನಕ್ಕೆ ಎರಡು ಬಾರಿ 5 ನಿಮಿಷ ಸಾಕು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೊಂದು ನಿಮಿಷ ಏರಿಸುತ್ತ 20ರಿಂದ 30 ನಿಮಿಷಕ್ಕೆ ತರಬೇಕು. ನಡುವೆ ನಿಲ್ಲಬೇಕಾದರೆ ನಿಂತು, ಮತ್ತೆ ಮುಂದುವರಿಯಬಹುದು. ಜಗಲಿಯ ಮೇಲೆ ಕುಳಿತು ಕೈ ಊರದೆ ಐದರಿಂದ ಹತ್ತು ಬಾರಿ ಎದ್ದು ಕೂರುವುದು ತೊಡೆಗಳಿಗೆ ಒಳ್ಳೆಯ ವ್ಯಾಯಾಮ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಇಂತಹ ಕ್ರಮವನ್ನು ಆಸ್ಪತ್ರೆಗಳಲ್ಲಿ ಶ್ವಾಸಕೋಶ ಪುನಶ್ಚೇತನ ಎಂದು ಆರರಿಂದ ಎಂಟು ವಾರ ಕಲಿಸುತ್ತಾರೆ. ಇದರ ಬಗ್ಗೆ ನಡೆದ 65 ಪ್ರಯೋಗಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ಮೇಲುಸಿರು ಕಡಿಮೆಯಾಗುವುದೂ ನಡೆಯುವ ಶಕ್ತಿ ಹೆಚ್ಚುವುದೂ ಸ್ಪಷ್ಟವಾಗಿ ಕಂಡುಬಂದಿದೆ. ಶ್ವಾಸಕೋಶ ಮೊದಲಿನಂತೆಯೇ ಇದ್ದು, ಕಾಲುಗಳು ಬಲಗೊಂಡುದರ ಫಲವೇ ಇದರಲ್ಲಿ ಹೆಚ್ಚು.

ಇನ್ನು ಮಾನದ ಪ್ರಶ್ನೆ. ಮುಯ್ಯಾಳು ಪದ್ಧತಿ ಇರುವ ಊರುಗಳಲ್ಲಿ, ಬೇರೆಯವರು ನಮ್ಮ ನಾಟಿಗೆ ಬಂದು ನಾವು ಅವರ ನಾಟಿಗೆ ಹೋಗಲಾಗದಿದ್ದರೆ ತಲೆತಗ್ಗಿಸಿದಂತಾಗುತ್ತದೆ. ಅನೇಕರು ರೋಗವನ್ನು ಮುಚ್ಚಿಡುವುದಕ್ಕೆ ಇದೇ ಕಾರಣ. ಮುಯ್ಯಿ ತೀರಿಸಲು ಮೈದುಡಿಮೆಯೊಂದೇ ದಾರಿಯಲ್ಲ. ಸಸಿಮಡಿ ನೋಡಿಕೊಳ್ಳುವುದು, ತೆನೆ ಆರಿಸಿ ಬೀಜಕ್ಕಿಡುವುದು, ಕಸಿ ಕಟ್ಟುವುದು, ಹಾಲಿನ ಸಂಘದ ಲೆಕ್ಕ ಬರೆಯುವುದು, ಕೂಲಿಯಾಳುಗಳ ಮೇಲ್ವಿಚಾರಣೆ ಇವೆಲ್ಲ ಅನುಭವಸ್ಥರೇ ಚೆನ್ನಾಗಿ ಮಾಡಬಲ್ಲ ಕೆಲಸಗಳು. ಮನೆಯವರೊಡನೆ ಕುಳಿತು ಯಾವ ಕೆಲಸ ಯಾರದು ಎಂದು ಮುಂಗಾರಿಗೆ ಮೊದಲೇ ಹಂಚಿಕೊಳ್ಳುವುದು ಒಳ್ಳೆಯದು. ಕೊಯ್ಲಿನ ದಿನ ಮಾಡುವ ಹಂಚಿಕೆ ಜಗಳದಲ್ಲಿ ಮುಗಿಯುತ್ತದೆ.

ಉಪಕಸುಬಿನ ಆಯ್ಕೆಯಲ್ಲಿ ಎಚ್ಚರ

ಮೈದುಡಿಮೆ ಕಡಿಮೆ ಎಂದು ಇಂತಹವರಿಗೆ ಅಣಬೆ ಬೇಸಾಯವನ್ನು ಸೂಚಿಸುವುದುಂಟು. ಅಣಬೆಯ ಬೀಜಕಣಗಳು, ಅದರಲ್ಲಿಯೂ ಚಿಪ್ಪಣಬೆಯವು, ಮುಚ್ಚಿದ ಕೋಣೆಯಲ್ಲಿ ಉಸಿರಿನೊಡನೆ ಒಳಸೇರಿ ಶ್ವಾಸಕೋಶವನ್ನು ಕೆರಳಿಸುತ್ತವೆ. ಉಸಿರಿನ ತೊಂದರೆ ಇರುವವರು ಇದಕ್ಕೆ ಕೈಹಾಕದಿರುವುದೇ ಲೇಸು. ರೇಷ್ಮೆ ಸಾಕಣೆ ಮನೆಯನ್ನು ತೊಳೆಯಲು ಬಳಸುವ ಫಾರ್ಮಲಿನ್, ಬ್ಲೀಚಿಂಗ್ ಪುಡಿಯ ಘಾಟು ಇವರಿಗೆ ಆಗದು. ಆ ಕೆಲಸವನ್ನು ಬೇರೆಯವರು ಮಾಡುವಂತಿದ್ದರೆ ಸೊಪ್ಪು ಕೊಯ್ದುಕೊಡುವುದಕ್ಕೆ ಅಡ್ಡಿಯಿಲ್ಲ. ಕೋಳಿಮನೆಯ ದೂಳೂ ಹಾನಿಕರ. ಜಮೀನಿನ ಒಂದು ಪಾಲನ್ನು ಮಾವು, ಸಪೋಟದಂತಹ ಬಹುವಾರ್ಷಿಕ ಬೆಳೆಗೆ ತಿರುಗಿಸಿದರೆ ಮೊದಲ ಎರಡು ಮೂರು ವರ್ಷಗಳ ನೀರು ಮತ್ತು ಕಾವಲಿನ ನಂತರ ದುಡಿಮೆ ಇಳಿಯುತ್ತದೆ. ಹನಿ ನೀರಾವರಿಯಿಂದ ನೀರು ಕಟ್ಟುವ ಓಡಾಟವೂ ಕಳೆಯೂ ಕಡಿಮೆ. ಆದರೆ ಎಲ್ಲ ಜಮೀನನ್ನೂ ಒಮ್ಮೆಗೇ ಬದಲಾಯಿಸಿ ಸಾಲಕ್ಕೆ ಸಿಲುಕುವುದು ಬೇಡ.

ದೂಳು, ಹೊಗೆ, ಬೂಷ್ಟು

ರಾಗಿ, ಜೋಳದ ಕಣದ ಸುಂಕು ಇವರಿಗೆ ವಿಷವಿದ್ದಂತೆ. ಟವೆಲ್ ಕಟ್ಟಿಕೊಂಡರೆ ದಪ್ಪ ದೂಳು ತಡೆಯಬಹುದು, ನುಣ್ಣನೆಯದು ಒಳಹೋಗಿಯೇ ತೀರುತ್ತದೆ. ಎನ್-95 ಮುಖಗವಸು ನುಣ್ಣನೆಯ ದೂಳನ್ನು ತಡೆಯುತ್ತದೆಯಾದರೂ ಅದನ್ನು ಹಾಕಿಕೊಂಡು ದುಡಿಯಲು ರೋಗಿಗೆ ಉಸಿರು ಸಾಲದು. ಒಕ್ಕಣೆಯ ದಿನ ಗಾಳಿ ಬರುವ ದಿಕ್ಕಿನಲ್ಲಿ, ದೂರದಲ್ಲಿ ಕುಳಿತು ಅಳತೆ ಲೆಕ್ಕ ನೋಡುವುದೇ ಸರಿ.

ಪೂರ್ತಿ ಒಣಗದೆ ಬಣವೆ ಹಾಕಿದ ಹುಲ್ಲಿನಲ್ಲಿ ಬೂಷ್ಟು ಬೆಳೆಯುತ್ತದೆ. ಅದನ್ನು ಬಿಡಿಸಿದ ನಾಲ್ಕರಿಂದ ಎಂಟು ಗಂಟೆಗಳ ಬಳಿಕ ಚಳಿ, ಜ್ವರ, ಒಣಕೆಮ್ಮು, ಉಸಿರಿನ ಬಿಗಿತ ಬರುವುದುಂಟು. ಮಲೇರಿಯಾ ಎಂದೋ ಶೀತಜ್ವರವೆಂದೋ ಭಾವಿಸಿ ಬಿಟ್ಟುಬಿಡುತ್ತಾರೆ. ಇಂಗ್ಲೆಂಡಿನ ಕ್ಯಾಂಬೆಲ್ ಎಂಬ ವೈದ್ಯರು 1932ರಲ್ಲಿ ರೈತರಲ್ಲಿ ಗುರುತಿಸಿ ವರ್ಣಿಸಿದ ಈ ತೊಂದರೆಗೆ ‘ರೈತನ ಶ್ವಾಸಕೋಶ’ ಎಂಬ ಹೆಸರೇ ಬಿದ್ದಿದೆ. ಪದೇ ಪದೇ ಆದರೆ ಶ್ವಾಸಕೋಶ ಗಟ್ಟಿಯಾಗಿ ಶಾಶ್ವತ ಹಾನಿಯಾಗುತ್ತದೆ. ಹುಲ್ಲು ಬಿಡಿಸಿದ ದಿನ ಸಂಜೆಯೇ ಜ್ವರ ಬರುವುದನ್ನು ಗಮನಿಸಿದವರು ವೈದ್ಯರಿಗೆ ತಪ್ಪದೆ ಹೇಳಬೇಕು.

ಅಡಿಗೆಮನೆಯ ವಿಷಯದಲ್ಲಿ ನಮ್ಮ ರಾಜ್ಯದಲ್ಲಿ ಒಳ್ಳೆಯ ಪ್ರಯತ್ನಗಳು ನಡೆದಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಹೊಗೆಕೊಳವೆಯುಳ್ಳ ಅಸ್ತ್ರ ಒಲೆಯನ್ನು ರೂಪಿಸಿತು. 2016ರಲ್ಲಿ ಆರಂಭವಾದ ಉಜ್ವಲ ಯೋಜನೆಯಿಂದ ಅನೇಕ ಮನೆಗಳಿಗೆ ಅನಿಲ ಸಂಪರ್ಕ ಬಂದಿತು. ಆದರೂ ಸಿಲಿಂಡರಿನ ಬೆಲೆಗೆ ಅಂಜಿ ಅನಿಲವನ್ನು ನೆಂಟರು ಬಂದಾಗಿನ ಕಾಫಿಗೆ ಮೀಸಲಿಟ್ಟು, ದಿನದ ಅಡಿಗೆಯನ್ನು ಸೌದೆಯಲ್ಲಿಯೇ ಮಾಡುವ ಮನೆಗಳು ಕಡಿಮೆಯಿಲ್ಲ. ಮನೆಯಲ್ಲಿ ಉಸಿರಿನ ರೋಗಿ ಇದ್ದಲ್ಲಿ ಸಿಲಿಂಡರಿನ ಖರ್ಚನ್ನು ಔಷಧಿಯ ಖರ್ಚಿನೊಳಗೆ ಸೇರಿಸಿ ನೋಡಬೇಕು. ಬಚ್ಚಲ ಹಂಡೆಯ ಒಲೆಯನ್ನು ಅನೇಕರು ಮರೆಯುತ್ತಾರೆ. ಅದರ ಬಾಯಿಯನ್ನು ಮನೆಯ ಹೊರಕ್ಕೆ ತಿರುಗಿಸಿ ಕಟ್ಟಿಸುವುದು ಅಲ್ಪ ಖರ್ಚಿನ ಕೆಲಸ. ಮೇಲುಸಿರು ಇರುವ ಹೆಂಗಸರು ಊದುಗೊಳವೆ ಹಿಡಿಯಬಾರದು. ಸೌದೆಯನ್ನು ಚೆನ್ನಾಗಿ ಒಣಗಿಸಿ, ಸಣ್ಣಗೆ ಸೀಳಿ ಇಟ್ಟಲ್ಲಿ ಊದುವ ಪ್ರಸಂಗವೇ ಅಷ್ಟಾಗಿ ಬಾರದು.

ಔಷಧಿಗಳು

‘ಇನ್‌ಹೇಲರ್ ಒಮ್ಮೆ ಹಿಡಿದರೆ ಬಿಡಲಾಗದು, ಅದು ಕೊನೆಯ ಔಷಧಿ’ ಎಂಬ ಮಾತು ಹಳ್ಳಿಗಳಲ್ಲಿ ಬಲವಾಗಿದೆ. ಇದು ಚಟ ಹಿಡಿಸುವ ವಸ್ತುವಲ್ಲ. ಸಾಲ್‌ಬುಟಮಾಲ್ ಎಂಬ ಔಷಧಿಯ ಮಾತ್ರೆಯಲ್ಲಿ 4 ಮಿಲಿಗ್ರಾಂ ಇದ್ದರೆ, ಇನ್‌ಹೇಲರನ್ನು ಒಮ್ಮೆ ಒತ್ತಿದಾಗ ಬರುವುದು 0.1 ಮಿಲಿಗ್ರಾಂ ಮಾತ್ರ, ಎಂದರೆ 40ರಲ್ಲಿ ಒಂದು ಪಾಲು. ಗೊಬ್ಬರವನ್ನು ಹೊಲಕ್ಕೆಲ್ಲ ಎರಚುವುದಕ್ಕೂ ಗಿಡದ ಬುಡಕ್ಕೆ ಕೊಡುವುದಕ್ಕೂ ಇರುವ ವ್ಯತ್ಯಾಸವೇ ಇದು. ಬೇಗ ಗುಣ ಕೊಡುವ ಇಂತಹ ಔಷಧಿಯನ್ನು ವೈದ್ಯರು ಹೇಳಿದ್ದಲ್ಲಿ ಕೆಲಸಕ್ಕೆ ಹೊರಡುವ ಹತ್ತು ಹದಿನೈದು ನಿಮಿಷ ಮೊದಲು ತೆಗೆದುಕೊಳ್ಳಬಹುದು. ದಿನವೂ ತೆಗೆದುಕೊಳ್ಳಬೇಕಾದ ಔಷಧಿ ಬೇರೆ ಇರುತ್ತದೆ. ಚೆನ್ನಾಗಿದ್ದೇನೆಂದು ಅದನ್ನು ಬಿಡಬಾರದು. ಪುಡಿ ತುಂಬಿದ ಗುಳಿಗೆಯನ್ನು ಉಪಕರಣದಲ್ಲಿ ಹಾಕಿ ಎಳೆಯಬೇಕು, ನುಂಗಬಾರದು. ಸ್ಟಿರಾಯ್ಡ್ ಇರುವ ಔಷಧಿ ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ಪೇಟೆಯಲ್ಲಿ ಒಂದು ಸೂಜಿಗೆ ದಮ್ಮು ನಿಂತಿತೆಂದು ಮತ್ತೆ ಮತ್ತೆ ಸ್ಟಿರಾಯ್ಡ್ ಸೂಜಿ ಹಾಕಿಸಿಕೊಂಡಲ್ಲಿ ಸಕ್ಕರೆ ಕಾಯಿಲೆ ಬರಬಹುದು, ಮೂಳೆ ಸವೆಯಬಹುದು. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ, ನ್ಯುಮೋನಿಯಾ ಲಸಿಕೆಯನ್ನೂ ಹಾಕಿಸಿಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಿರಿ.

ರಕ್ತದಲ್ಲಿ ಆಮ್ಲಜನಕ ಬಹಳ ಇಳಿದವರಿಗೆ, ಬೆರಳಿಗೆ ಸಿಕ್ಕಿಸುವ ಮಾಪಕದಲ್ಲಿ ವಿಶ್ರಾಂತಿಯಲ್ಲಿಯೂ 88 ಅಥವಾ ಅದಕ್ಕಿಂತ ಕಡಿಮೆ ತೋರುತ್ತಿದ್ದರೆ, ಮನೆಯಲ್ಲಿ ಆಮ್ಲಜನಕ ಬೇಕಾಗಬಹುದು. 1980 ಮತ್ತು 1981ರಲ್ಲಿ ಅಮೆರಿಕ ಹಾಗೂ ಇಂಗ್ಲೆಂಡಿನಿಂದ ಪ್ರಕಟವಾದ ಪ್ರಯೋಗಗಳಲ್ಲಿ, ಇಂತಹವರಿಗೆ ದಿನಕ್ಕೆ 15 ಗಂಟೆಗಿಂತ ಕಡಿಮೆಯಿಲ್ಲದಂತೆ ಕೊಟ್ಟಾಗ ಆಯುಷ್ಯ ಹೆಚ್ಚಿದುದು ಕಂಡುಬಂದಿತು. ಮೇಲುಸಿರು ಬಂದಾಗ ಹತ್ತು ನಿಮಿಷ ಮೂಗಿಗಿಟ್ಟುಕೊಳ್ಳುವುದರಿಂದ ಆ ಲಾಭವಿಲ್ಲ. ಪ್ರಮಾಣವನ್ನು ತಾವಾಗಿಯೇ ಹೆಚ್ಚಿಸಿಕೊಳ್ಳುವುದೂ ಅಪಾಯಕರ. ಆಮ್ಲಜನಕ ಇರುವ ಕೋಣೆಯಲ್ಲಿ ಬೀಡಿ, ದೀಪ, ಊದುಬತ್ತಿ ಯಾವುದೂ ಉರಿಯಕೂಡದು. ಯಂತ್ರವು ವಿದ್ಯುತ್ತಿನಿಂದ ನಡೆಯುವಂತಹುದಾದರೆ ವಿದ್ಯುತ್ ನಿಂತಾಗಿನ ಏರ್ಪಾಡನ್ನು ಮೊದಲೇ ಮಾಡಿಕೊಂಡಿರಬೇಕು.

ಕಫ ಎಂದಿಗಿಂತ ಹೆಚ್ಚಾಗಿ ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗಿದರೆ, ಮೇಲುಸಿರು ಎರಡು ದಿನದಿಂದ ಏರುತ್ತಿದ್ದರೆ, ಹಿಮ್ಮಡಿಯ ಮೇಲೆ ಬಾವು ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಿ. ತುಟಿ ಉಗುರುಗಳು ನೀಲಿಗಟ್ಟಿದರೆ, ಮಾತು ಮುರಿಮುರಿದು ಬಂದರೆ, ಹಗಲಲ್ಲಿ ವಿಪರೀತ ಮಂಪರು ಹತ್ತಿದರೆ 108ಕ್ಕೆ ಕರೆ ಮಾಡಬೇಕು. ಹೊಲಕ್ಕೆ ಹೋಗುವಾಗ ಇನ್‌ಹೇಲರ್, ನೀರು ಮತ್ತು ದೂರವಾಣಿ ಜೊತೆಗಿರಲಿ; ಯಾವ ಹೊಲಕ್ಕೆ ಹೋಗುತ್ತೀರೆಂದು ಮನೆಯಲ್ಲಿ ಹೇಳಿ ಹೊರಡಿ.

ಆಸ್ಪತ್ರೆಗೆ ತೋರಿಸಲು ಹೋದಾಗ ‘ಹೇಗಿದ್ದೀರಿ?’ ಎಂದರೆ ‘ಪರವಾಗಿಲ್ಲ ಸ್ವಾಮಿ’ ಎನ್ನುವುದು ನಮ್ಮವರ ಅಭ್ಯಾಸ. ಅದರ ಬದಲು ಕಳೆದ ಮೂರು ತಿಂಗಳಲ್ಲಿ ಯಾವ ಯಾವ ಕೆಲಸ ಕೈಬಿಟ್ಟಿರಿ, ಯಾವುದಕ್ಕೆ ಎಷ್ಟು ಸಲ ಕೂರಬೇಕಾಯಿತು ಎಂಬುದನ್ನು ಹೇಳಿ. ಇನ್‌ಹೇಲರನ್ನು ಜೊತೆಗೇ ಒಯ್ದು, ನೀವು ಅದನ್ನು ಎಳೆಯುವ ಕ್ರಮವನ್ನು ವೈದ್ಯರ ಅಥವಾ ದಾದಿಯರ ಎದುರಿಗೆ ಮಾಡಿ ತೋರಿಸಿ. ಉಪಕರಣ ಬದಲಾದಾಗಲೆಲ್ಲ ಮತ್ತೊಮ್ಮೆ ಕೇಳಿ ಕಲಿತುಕೊಳ್ಳಿ. ಮನೆಯಲ್ಲಿ ನಿಮ್ಮನ್ನು ನೋಡಿಕೊಳ್ಳುವವರೂ ಆ ದಿನ ಜೊತೆಗಿದ್ದರೆ ಇನ್ನೂ ಅನುಕೂಲ.